ನಮ್ಮ ಪೇಟಿ ‘ಇತರೆ’ ಫೈಲಿನಲ್ಲಿದೆ

ಡಿಸೆಂಬರ್ ಕೊನೇ ವಾರ ಹುಮನಾಬಾದ್‌ನಿಂದ ಕಾಕಾನ ಮಗ ವಾಟ್ಸಾಪ್‌ನಲ್ಲಿ ಒಂದು ಹಾಡು ಕಳಿಸಿದ. ಎರಡು ನಿಮಿಷ ನಲವತ್ತು ಸೆಕೆಂಡ್. ಹಿಂದೆಯೇ ಒಂದು ವಾಯ್ಸ್ ನೋಟ್: “ಅಣ್ಣಾ, ವೀರಭದ್ರೇಶ್ವರ ಜಾತ್ರಿ ರೀಲ್‌ಗೆ ಹಾಡು ಮಾಡೀನಿ. ಮಾತು ನಂದು, ಉಳ್ದಿದ್ದೆಲ್ಲ ಎಐ ಮಾಡ್ಯಾದ. ರೀಪರ್‌ದಾಗ ಹಾಕಿ ಸ್ವಲ್ಪ ನೀಟ್ ಮಾಡ್ಬೇಕು. ತಬಲಾ ಬ್ಯಾರೆ, ಪೇಟಿ ಬ್ಯಾರೆ, ದನಿ ಬ್ಯಾರೆ ಮಾಡಿ ಕೊಡ್ತಿಯೇನು?”

ಪೇಟಿ ಅಂದ್ರೆ ನಮ್ಮ ಕಡೆ ಹಾರ್ಮೋನಿಯಂ. ರೀಪರ್ ಅಂದ್ರೆ ಟ್ರ್ಯಾಕ್‌ಗಳನ್ನ ಒಂದರ ಕೆಳಗೊಂದು ಜೋಡಿಸಿ ಹಾಡು ಕಟ್ಟುವ ಸಾಫ್ಟ್‌ವೇರ್. ಏಬಲ್ಟನ್, ಲಾಜಿಕ್, ಎಫ್‌ಎಲ್ ಸ್ಟುಡಿಯೋ ಎಲ್ಲ ಅದೇ ಜಾತಿ. ಹಾಡು ಮೊದಲ ಸಲ ಕೇಳಿದಾಗ ನಿಜಕ್ಕೂ ಬೆಚ್ಚಿಬಿದ್ದೆ. ತಬಲಾ ಇದೆ, ತಾಳ ಇದೆ, ಪೇಟಿ ಇದೆ, ಮುಂದೆ ಒಬ್ಬ ಹಾಡ್ತಾನೆ, ಹಿಂದೆ ಹತ್ತು ಜನ ಹಿಡೀತಾರೆ. ಭಜನಾ ಮಂಡಳಿಯೇ ಬಂದು ಕೂತ ಹಾಗಿತ್ತು. ಮೂರನೇ ಸಲ ಕೇಳಿದಾಗ ಮಾತ್ರ ‘ಳ’ ಎಲ್ಲ ‘ಲ’ ಆಗಿರೋದು ಕಿವಿಗೆ ಬಿತ್ತು. ಅದಿರಲಿ, ಅದನ್ನ ಯಾರಾದ್ರೂ ಹೇಳ್ತಾರೆ. ನಾನಿಲ್ಲಿ ಬರೆಯೋದು ಹಾಡಿನ ಬಗ್ಗೆ ಅಷ್ಟಲ್ಲ, ಅದನ್ನ ಬಿಚ್ಚಲು ನಾನು ಬಳಸಿದ ಉಪಕರಣದ ಬಗ್ಗೆ. ಯಾಕಂದ್ರೆ ಆ ಉಪಕರಣ ನಮ್ಮ ಸಂಗೀತವನ್ನ ಹೇಗೆ ಕೇಳಿಸಿಕೊಳ್ಳುತ್ತೆ ಅನ್ನೋದು ನನಗೆ ಅವತ್ತು ರಾತ್ರಿ ಗೊತ್ತಾಯಿತು.

ಉಪಕರಣದ ಹೆಸರು ಡೆಮ್ಯೂಕ್ಸ್. ಮೆಟಾ ಕಂಪನಿಯ ಸಂಶೋಧಕರು ಮಾಡಿದ್ದು, ಎಲ್ಲರಿಗೂ ಉಚಿತ. ಕಿಟಕಿ, ಬಟನ್, ಸ್ಲೈಡರ್ ಏನೂ ಇಲ್ಲ. ಟರ್ಮಿನಲ್ ತೆಗೆದು ಅದರ ಹೆಸರು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಹಾಡಿನ ಫೈಲ್ ಹೆಸರು ಕೊಟ್ಟು ಎಂಟರ್ ಒತ್ತಬೇಕು, ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಹಾಡಿನ ಅವಧಿಯ ಸುಮಾರು ಒಂದೂವರೆ ಪಟ್ಟು ಹೊತ್ತು ತಗೊಳ್ಳುತ್ತೆ. ಚಹಾ ಕುದಿಸಿ ಬರೋದರೊಳಗೆ ಒಂದು ಫೋಲ್ಡರ್ ಸಿದ್ಧ. ಅದರಲ್ಲಿ ನಾಲ್ಕು ವೇವ್ ಫೈಲ್: ಡ್ರಮ್ಸ್, ಬೇಸ್, ವೋಕಲ್ಸ್, ಅದರ್. ನಾಲ್ಕೂ ಒಂದೇ ಉದ್ದ, ನಾಲ್ಕೂ ಸೊನ್ನೆಯಿಂದಲೇ ಶುರು. ರೀಪರ್‌ಗೆ ಎಳೆದು ಬಿಟ್ರೆ ತಾವಾಗೇ ಒಂದರ ಕೆಳಗೊಂದು ಸರಿಯಾಗಿ ಕೂರುತ್ತವೆ. ನಾಲ್ಕನ್ನೂ ಒಟ್ಟಿಗೆ ನುಡಿಸಿದ್ರೆ ಹೆಚ್ಚೂಕಡಿಮೆ ಮೂಲ ಹಾಡೇ ವಾಪಸ್. ಕೆಲಸದ ಶಿಸ್ತು ನೋಡಿದ್ರೆ ಒಂದು ಮಾತು ಆಡುವಂತಿಲ್ಲ.

ಈಗ ಒಂದೊಂದೇ ಫೈಲನ್ನ ಹೆಡ್‌ಫೋನ್ ಹಾಕಿ ಕೇಳೋಣ.

ಡ್ರಮ್ಸ್: ತಾಳದ ಕಿಣಿಕಿಣಿ ಪೂರ್ತಿ ಇದೆ. ತಬಲಾದ ಬಲಗೈ ಹೊಡೆತದ ಮೊದಲ ತುಣುಕಷ್ಟೇ ಇದೆ, ‘ನಾ’ ಅನ್ನೋದರಲ್ಲಿ ‘ನ’ ಮಾತ್ರ. ಹೊಡೆತದ ನಂತರ ಚರ್ಮ ಗುನುಗುತ್ತಲ್ಲ, ಆ ನಾದ ಇಲ್ಲ. ಬೇಸ್: ಎಡಗೈಯ ಡಗ್ಗ ಇಲ್ಲಿದೆ, ಅಂಗೈ ಒತ್ತಿದಾಗ ಬರುವ ‘ಘೇ’ಯ ಜಾರಿಕೆ ಬೇಸ್ ಗಿಟಾರ್ ಥರ ಕೇಳುತ್ತೆ. ಅಂದ್ರೆ ಒಂದೇ ಜೋಡಿ ತಬಲಾ ಎರಡು ಫೈಲಿಗೆ ಹೋಯಿತು, ಮೂರನೇ ಪಾಲು ಇನ್ನೆಲ್ಲೋ ಇದೆ. ವೋಕಲ್ಸ್: ಮುಂದೆ ಹಾಡುವವನೂ ಹಿಂದೆ ಹಿಡಿಯುವ ಹತ್ತು ಜನವೂ ಒಂದೇ ಮುದ್ದೆ, ಅದರ ಕೆಳಗೆ ಪೇಟಿಯ ನೆರಳು. ಕೊನೆಯದು ಅದರ್, ಅಂದ್ರೆ ಇತರೆ. ನಮ್ಮ ಪೇಟಿ ಅಲ್ಲಿದೆ. ಏಕತಾರಿಯ ತಂತಿ ಅಲ್ಲಿದೆ. ತಬಲಾದಿಂದ ಕಳಚಿದ ಗುನುಗು ಅಲ್ಲಿದೆ.

ತಮ್ಮ ಕೇಳಿದ್ದು ತಬಲಾ, ಪೇಟಿ, ದನಿ. ನನಗೆ ಸಿಕ್ಕಿದ್ದು ನಾಲ್ಕು ಫೈಲ್. ಅವನು ಕೇಳಿದ ಮೂರರಲ್ಲಿ ಒಂದೂ ಇಡಿಯಾಗಿ ಯಾವ ಫೈಲಿನಲ್ಲೂ ಇಲ್ಲ.

ಇದು ಬಗ್ ಅಲ್ಲ. ಉಪಕರಣ ತನಗೆ ಕಲಿಸಿದ್ದನ್ನೇ ಮಾಡಿದೆ. ಇಂಥ ಮಾದರಿಗಳಿಗೆ ಪಾಠ ಹೇಳಿಕೊಡುವ ಪ್ರಸಿದ್ಧ ಸಂಗ್ರಹವೊಂದಿದೆ, ಮ್ಯೂಸ್‌ಡಿಬಿ18 ಅಂತ. 150 ಹಾಡು, ಒಟ್ಟು ಸುಮಾರು 10 ಗಂಟೆ. ಪ್ರತಿ ಹಾಡಿಗೂ ಡ್ರಮ್ಸ್, ಬೇಸ್, ವೋಕಲ್ಸ್, ಇತರೆ ಅಂತ ನಾಲ್ಕು ಪಾಲು ಮೊದಲೇ ಮಾಡಿಟ್ಟಿದ್ದಾರೆ. ಬಹುಪಾಲು ಪಾಶ್ಚಾತ್ಯ ರಾಕ್ ಮತ್ತು ಪಾಪ್. ಡೆಮ್ಯೂಕ್ಸ್‌ನ ಈಗಿನ ಮಾದರಿ ಇದರ ಜೊತೆಗೆ ಇನ್ನೂ 800 ಹಾಡಿನ ಮೇಲೆ ಕಲಿತಿದೆ, ಆದರೆ ಪಾಲು ಅದೇ ನಾಲ್ಕು. ಒಂದು ರಾಕ್ ಬ್ಯಾಂಡ್ ಕಣ್ಮುಂದೆ ತಂದುಕೊಳ್ಳಿ. ಡ್ರಮ್ಮರ್ ಒಬ್ಬ, ಬೇಸ್ ಗಿಟಾರಿನವ ಒಬ್ಬ, ಹಾಡುವವ ಒಬ್ಬ, ಉಳಿದವರೆಲ್ಲ ಉಳಿದವರು. ಆ ಬ್ಯಾಂಡಿಗೆ ಈ ಲೆಕ್ಕ ಸರಿಯಾಗಿದೆ. ಜಾತ್ರೆಯ ಭಜನಾ ಮಂಡಳಿಗೆ ಇದೇ ಲೆಕ್ಕ ಹಚ್ಚಿದ್ರೆ ಮಂಡಳಿಯ ಮುಕ್ಕಾಲು ಪಾಲು ‘ಉಳಿದವರು’ ಆಗಿಬಿಡ್ತಾರೆ. ಆನ್‌ಲೈನ್ ಫಾರ್ಮ್ ತುಂಬುವಾಗ ನಮ್ಮ ಊರು ಪಟ್ಟಿಯಲ್ಲಿ ಇಲ್ಲದೆ ‘ಇತರೆ’ ಒತ್ತಿ ಮುಂದೆ ಹೋಗ್ತೀವಲ್ಲ, ಥೇಟ್ ಹಾಗೆ.

ಆರು ಪಾಲು ಮಾಡುವ ಮಾದರಿಯೂ ಇದೆ. ಅದರಲ್ಲಿ ಹೆಚ್ಚುವರಿ ಎರಡು ಯಾವುವು ಅಂದ್ರೆ ಗಿಟಾರ್ ಮತ್ತು ಪಿಯಾನೋ. ಪಿಯಾನೋ ಅಷ್ಟು ಚೆನ್ನಾಗಿ ಬರಲ್ಲ ಅಂತ ಮಾಡಿದವರೇ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರೆ. ಅದನ್ನೂ ಓಡಿಸಿ ನೋಡಿದೆ. ಪೇಟಿ ಒಂದಿಷ್ಟು ಪಿಯಾನೋದಲ್ಲಿ, ಒಂದಿಷ್ಟು ಗಿಟಾರಿನಲ್ಲಿ, ಉಳಿದದ್ದು ಮತ್ತೆ ಇತರೆಯಲ್ಲಿ ಸಿಕ್ಕಿತು. ಮೊದಲಿಗಿಂತ ಕೆಟ್ಟಿತು.

ನಾಲ್ಕು ಪಾಲು ಅಂದಾಗ ನನಗೆ ಇನ್ನೊಂದು ನಾಲ್ಕು ನೆನಪಾಗುತ್ತೆ. ನಾಟ್ಯಶಾಸ್ತ್ರ ವಾದ್ಯಗಳನ್ನ ನಾಲ್ಕಾಗಿ ವಿಂಗಡಿಸುತ್ತೆ: ತಂತಿಯದು ತತ, ಚರ್ಮ ಬಿಗಿದದ್ದು ಅವನದ್ಧ, ಗಾಳಿಯದು ಸುಷಿರ, ಒಂದಕ್ಕೊಂದು ತಾಗಿಸಿ ನುಡಿಸುವ ಗಟ್ಟಿ ವಸ್ತು ಘನ. ಏಕತಾರಿ ತತ, ತಬಲಾ ಅವನದ್ಧ, ಪೇಟಿ ಸುಷಿರ, ತಾಳ ಘನ. ಎಲ್ಲಕ್ಕೂ ಒಂದು ಮನೆ ಇದೆ. ಪೇಟಿ ಹುಟ್ಟಿದ್ದು 19ನೇ ಶತಮಾನದ ಯುರೋಪಿನಲ್ಲಿ, ಭರತಮುನಿ ಅದನ್ನ ಕಂಡವನೇ ಅಲ್ಲ. ಆದರೂ ಅದಕ್ಕೆ ಜಾಗ ಸಿಗುತ್ತೆ. ಯಾಕಂದ್ರೆ ಅಲ್ಲಿ ವಿಂಗಡಣೆ ಇರೋದು ನಾದ ಹೇಗೆ ಹುಟ್ಟುತ್ತೆ ಅನ್ನೋದರ ಮೇಲೆ, ವೇದಿಕೆ ಮೇಲೆ ಯಾರ್ಯಾರು ನಿಂತಿದ್ದಾರೆ ಅನ್ನೋದರ ಮೇಲಲ್ಲ. ಇದೇ ಕಾರಣಕ್ಕೆ ಈ ಭಾರತೀಯ ಕ್ರಮ 19ನೇ ಶತಮಾನದ ಕೊನೆಗೆ ಬ್ರಸೆಲ್ಸ್‌ನ ಮ್ಯೂಸಿಯಂಗೆ ದಾರಿ ತೋರಿಸಿತು, ಅಲ್ಲಿಂದ 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಅನ್ನುವ ಇಬ್ಬರು ವಿದ್ವಾಂಸರು ಜಗತ್ತಿನ ವಾದ್ಯಗಳನ್ನೆಲ್ಲ ವಿಂಗಡಿಸಿದ ಪದ್ಧತಿಗೆ ಬಂತು.

ಹುಮನಾಬಾದ್‌ನ ಪಕ್ಕದ ಬಸವಕಲ್ಯಾಣಕ್ಕೆ ಈ ಮಾತು ಹೊಸದೇನಲ್ಲ. ಬಸವಣ್ಣನ ಊರು ಅಂತ ಎಲ್ಲರಿಗೂ ಗೊತ್ತು. ಅದಕ್ಕೂ ತುಸು ಮುಂಚೆ ಅಲ್ಲಿಂದಲೇ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ಗೀತಕ್ಕೆ, ವಾದ್ಯಕ್ಕೆ, ನೃತ್ಯಕ್ಕೆ ಬೇರೆಬೇರೆ ಅಧ್ಯಾಯಗಳಿವೆ. ಅವನ ಮಗ ಎರಡನೇ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದ. ಸಂಗೀತವನ್ನ ಬಿಡಿಸಿ ನೋಡೋದು ಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ನಡೆದಿದೆ. ಹಾಗಾಗಿ ಬಿಡಿಸೋದು ಬೇಡ ಅನ್ನೋದು ನನ್ನ ತಕರಾರಲ್ಲ. ಯಾವ ಗೆರೆ ಮೇಲೆ ಕತ್ತರಿಸ್ತೀವಿ ಅನ್ನೋದು ತಕರಾರು. ಡೆಮ್ಯೂಕ್ಸ್‌ನ ಗೆರೆ ಅದರ ಕೆಲಸಕ್ಕೆ ಸರಿ. ನಾವು ಅದನ್ನ ಸಂಗೀತದ್ದೇ ಗೆರೆ ಅಂತ ನಂಬಿಬಿಡೋದು ತಪ್ಪು.

ಎರಡನೇ ತೊಂದರೆ ಇನ್ನೂ ಆಳದ್ದು. ರೆಕಾರ್ಡ್ ಮಾಡಿದ ಒಂದು ಹಾಡು ತಗೊಳ್ಳಿ. ಎಲ್ಲೋ ಒಂದು ಸ್ಟುಡಿಯೋದಲ್ಲಿ ತಬಲಾದ್ದೇ ಒಂದು ಟ್ರ್ಯಾಕ್ ಇತ್ತು, ಗಾಯಕರದ್ದೇ ಒಂದು ಟ್ರ್ಯಾಕ್ ಇತ್ತು. ಆಮೇಲೆ ಬೆರೆಸಿದರು. ಡೆಮ್ಯೂಕ್ಸ್ ಆ ಬೆರಕೆಯಿಂದ ಮೂಲವನ್ನ ಊಹಿಸುತ್ತೆ. ಊಹೆ ಸರಿಯೋ ತಪ್ಪೋ ಅಳೆಯಲು ಒಂದು ನಿಜ ಇದೆ. ಎಐ ಹಾಡಿನಲ್ಲಿ ಆ ನಿಜವೇ ಇಲ್ಲ. ಉದಾಹರಣೆಗೆ ಮೆಟಾದವರೇ 2023ರಲ್ಲಿ ಬಿಟ್ಟ ಮ್ಯೂಸಿಕ್‌ಜೆನ್ ನೋಡಿ. ಅದು ಸಂಗೀತವನ್ನ ಸೆಕೆಂಡಿಗೆ 50 ಹೆಜ್ಜೆಯ ಸಂಕೇತಗಳಾಗಿ ಒಂದಾದ ಮೇಲೊಂದು ಊಹಿಸುತ್ತಾ ಹೋಗುತ್ತೆ. ಪ್ರತಿ ಹೆಜ್ಜೆಯಲ್ಲೂ ಎಲ್ಲ ವಾದ್ಯ ಬೆರೆತೇ ಬರುತ್ತವೆ. ಅಲ್ಲಿ ತಬಲಾದವ ಯಾವತ್ತೂ ಇರಲಿಲ್ಲ. ಇಲ್ಲದವನ ಟ್ರ್ಯಾಕನ್ನ ನಾವು ‘ಬೇರ್ಪಡಿಸಿದೆವು’ ಅಂತೀವಿ. ಫೈಲಿಗೆ ಹೆಸರು ಬಂದ ಕೂಡಲೇ ಆ ಹೆಸರಿನ ಮನುಷ್ಯನೂ ಇದ್ದಾನೆ ಅನಿಸಿಬಿಡುತ್ತೆ.

ಇನ್ನೊಂದು ವಿಚಿತ್ರ ಕೇಳಿ. ಮ್ಯೂಸಿಕ್‌ಜೆನ್‌ಗೆ ಕಲಿಸುವ ಮೊದಲು ಆ ಸಂಗೀತದಲ್ಲಿದ್ದ ಹಾಡುವ ದನಿಯನ್ನ ತೆಗೆದುಹಾಕಿದ್ದಾರೆ. ಯಾವುದರಿಂದ? ಇದೇ ಡೆಮ್ಯೂಕ್ಸ್‌ನಿಂದ. ಅಂದ್ರೆ ಸಂಗೀತ ಹುಟ್ಟಿಸುವ ಯಂತ್ರ ಕಲಿಯುವಾಗಲೂ ಇದೇ ಜರಡಿ, ಹುಟ್ಟಿಸಿದ ಮೇಲೆ ನಾವು ಬಿಚ್ಚುವಾಗಲೂ ಇದೇ ಜರಡಿ. ಎಲ್ಲ ಸಂಗೀತ ಶೈಲಿ ಮತ್ತು ಸಂಸ್ಕೃತಿಗಳಿಗೆ ಇದು ಒಂದೇ ಥರ ಕೆಲಸ ಮಾಡಲ್ಲ, ಇಂಗ್ಲಿಷ್ ವಿವರಣೆಗಳಿಂದಲೇ ಕಲಿತಿದೆ ಅಂತ ಅದರ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಹಾಗೆ ಬರೆದದ್ದಕ್ಕೆ ಮೆಚ್ಚಬೇಕು. ಆದರೆ ಟಿಪ್ಪಣಿ ಓದುವವರು ಎಷ್ಟು ಜನ?

ರೀಲ್ ಮಾಡಿ ದುಡ್ಡು ನೋಡಬೇಕು ಅನ್ನುವವರು ಓದಲೇಬೇಕಾದ ಇನ್ನೊಂದು ಸಾಲು ಅಲ್ಲಿದೆ. ಮ್ಯೂಸಿಕ್‌ಜೆನ್‌ನ ತರಬೇತಾದ ಮಾದರಿಗಳನ್ನ ವ್ಯಾಪಾರಕ್ಕೆ ಬಳಸುವಂತಿಲ್ಲ, ಪರವಾನಗಿ ಹಾಗಿದೆ. ಮಾತಿಗೆ ಹಾಡು ಮಾಡಿಕೊಡುವ ದೊಡ್ಡ ಸೇವೆಗಳ ಕಥೆ ಬೇರೆ. 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ಮ್ಯೂಸಿಕ್ ಕಂಪನಿಗಳು ಸುನೋ ಮತ್ತು ಯುಡಿಯೋ ಮೇಲೆ ಹಕ್ಕುಸ್ವಾಮ್ಯದ ಕೇಸ್ ಹಾಕಿದವು. ಟರ್ಮಿನಲ್‌ನಲ್ಲಿ ಬಿಚ್ಚಿ, ರೀಪರ್‌ನಲ್ಲಿ ಮತ್ತೆ ಹೊಲಿದ ಮಾತ್ರಕ್ಕೆ ಬಟ್ಟೆ ನಮ್ಮದಾಗಲ್ಲ.

ಹಾಗಂತ ಬೈದು ಕೂರಲು ನಾನು ತಯಾರಿಲ್ಲ. ಉಪಕರಣ ಉಪಯೋಗದ್ದೇ. ‘ಟೂ ಸ್ಟೆಮ್ಸ್’ ಅನ್ನೋ ಆಯ್ಕೆ ಕೊಟ್ಟು ದನಿ ಮತ್ತು ಉಳಿದದ್ದು ಅಂತ ಎರಡೇ ಪಾಲು ಮಾಡಿಸಿ, ಹಾಡಿ ಅಭ್ಯಾಸ ಮಾಡಲು ಒಳ್ಳೇ ಕ್ಯಾರಿಯೋಕೆ ಸಿಗುತ್ತೆ. ಹಳೇ ಕ್ಯಾಸೆಟ್ಟಿನಲ್ಲಿ ಅಜ್ಜ ಹಾಡಿದ ತತ್ವಪದದ ಮಾತು ಕೇಳಿಸುತ್ತಿಲ್ಲ ಅಂದ್ರೆ ದನಿಯನ್ನ ಮುಂದೆ ತಂದು ಬರೆದುಕೊಳ್ಳಬಹುದು. ನನ್ನ ಮಟ್ಟಿಗೆ ಅದರ ಅತ್ಯುತ್ತಮ ಉಪಯೋಗ ಅದೇ, ಅಲ್ಲಿ ನಿಜವಾಗಿ ಒಬ್ಬ ಹಾಡಿದ್ದಾನೆ.

ಎಐ ಹಾಡನ್ನೇ ರೀಪರ್‌ಗೆ ತಯಾರು ಮಾಡಬೇಕು ಅಂದ್ರೆ, ಆ ರಾತ್ರಿ ಕಲಿತ ಮೂರು ಮಾತು. ಒಂದು, ಹಾಡನ್ನ ವಾಟ್ಸಾಪ್‌ನಲ್ಲಿ ಆಡಿಯೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ತರಿಸಿ, ಸಾಧ್ಯವಾದ್ರೆ ವೇವ್. ಹಿಂಡಿದ ಫೈಲಿನಲ್ಲಿ ಕಳೆದುಹೋದದ್ದನ್ನ ಯಾವ ಜರಡಿಯೂ ತಂದುಕೊಡಲ್ಲ. ಎರಡು, ಎಫ್‌ಎಫ್‌ಎಂಪೆಗ್ ಅನ್ನೋ ಇನ್ನೊಂದು ಕಮಾಂಡಿನಿಂದ ಎಲ್ಲವನ್ನೂ 48 ಕಿಲೋಹರ್ಟ್ಸ್, 24 ಬಿಟ್ ಮಾಡಿ ಒಂದೇ ಅಳತೆಗೆ ತನ್ನಿ. ಆದರೆ ಅದರಿಂದ ಗುಣಮಟ್ಟ ಹೆಚ್ಚಿತು ಅಂದುಕೋಬೇಡಿ. ಮ್ಯೂಸಿಕ್‌ಜೆನ್ ಸಂಗೀತ ಹುಟ್ಟೋದೇ 32 ಕಿಲೋಹರ್ಟ್ಸ್‌ನಲ್ಲಿ, ಅಂದ್ರೆ 16 ಕಿಲೋಹರ್ಟ್ಸ್ ಮೇಲಿನ ನಾದ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಸಣ್ಣ ಪಾತ್ರೆಯ ಸಾರನ್ನ ದೊಡ್ಡ ಪಾತ್ರೆಗೆ ಸುರಿದರೆ ಸಾರು ಜಾಸ್ತಿ ಆಗುತ್ತಾ? ಮೂರು, ಫೈಲಿನ ಹೆಸರು ನಂಬಬೇಡಿ. ಕೇಳಿ, ಕೇಳಿಸಿದ್ದನ್ನೇ ಹೆಸರಿಡಿ. ನಾನು ಡ್ರಮ್ಸ್ ಫೈಲಿಗೆ ‘ತಾಳ, ಅರ್ಧ ತಬಲಾ’ ಅಂತ ಹೆಸರಿಟ್ಟೆ. ಬೇಸ್‌ಗೆ ‘ಡಗ್ಗ’. ಇತರೆಗೆ ‘ಪೇಟಿ ಮತ್ತು ಸಂಗಡಿಗರು’.

ಹೀಗೆ ಹೆಸರಿಟ್ಟು ರೀಪರ್‌ನಲ್ಲಿ ಜೋಡಿಸಿದಾಗ ಹಾಡಿನ ನಿಜವಾದ ಕೊರತೆ ಕಂಡಿತು. ಲಯದ ಗೆರೆ ಹಾಕಿ ನೋಡಿದೆ. ಮೊದಲ ಸಾಲಿನಲ್ಲಿ ಯಾವ ವೇಗವೋ ಕೊನೇ ಸಾಲಿನಲ್ಲೂ ಅದೇ ವೇಗ. ನಮ್ಮ ಭಜನೆ ಹಾಗಲ್ಲ. ನಿಧಾನಕ್ಕೆ ಶುರುವಾಗುತ್ತೆ, ಹಿಂದಿನವರು ಬಿಸಿಯಾಗ್ತಾ ಹೋದಂತೆ ತಬಲಾ ಏರುತ್ತೆ, ಕೊನೆಗೆ ದುಗುಣಕ್ಕೆ ಬಂದು ತಾಳದವ ಎದ್ದೇ ನಿಲ್ತಾನೆ. ಮಾಣಿಕನಗರದಲ್ಲಿ ದತ್ತ ಜಯಂತಿಗೆ ಭಜನೆ ಕೇಳಿದವರಿಗೆ ಇದನ್ನ ವಿವರಿಸಬೇಕಿಲ್ಲ. ಆ ಏರಿಕೆ ಯಾವ ಒಂದು ಟ್ರ್ಯಾಕಿನಲ್ಲೂ ಇರಲ್ಲ, ಒಬ್ಬರು ಇನ್ನೊಬ್ಬರನ್ನ ಕೇಳಿಸಿಕೊಳ್ಳೋದರಲ್ಲಿ ಇರುತ್ತೆ. ನಾಲ್ಕು ಫೈಲಿನಲ್ಲಿ ಹುಡುಕಿದ್ರೆ ಎಲ್ಲಿ ಸಿಗಬೇಕು?

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಅಣ್ಣಾ, ಇಷ್ಟೆಲ್ಲ ಯಾರು ಕೇಳ್ತಾರ? ಮೂವತ್ತು ಸೆಕೆಂಡ್ ರೀಲ್ ಅದ,” ಅಂದ. ಅವನ ಮಾತೂ ಖರೆ. ಮಂಡಳಿಯವರನ್ನ ಕೂಡಿಸೋದು ಸುಲಭ ಅಲ್ಲ. ಒಬ್ಬರು ಹೊಲದಲ್ಲಿ, ಒಬ್ಬರು ಅಂಗಡಿಯಲ್ಲಿ, ತಬಲಾದವರು ಹೈದರಾಬಾದ್‌ನಲ್ಲಿ ಕೆಲಸಕ್ಕೆ. ಎಐ ಹಾಡು ಒಂದು ನಿಮಿಷದಲ್ಲಿ ಬರುತ್ತೆ, ಚಹಾ-ನಾಷ್ಟಾ ಕೇಳಲ್ಲ. ಆದರೆ ಮುಂದಿನ ವರ್ಷವೂ ಒಂದೇ ನಿಮಿಷ, ಅದರ ಮುಂದಿನ ವರ್ಷವೂ ಒಂದೇ ನಿಮಿಷ ಅಂತಾದ್ರೆ ಮಂಡಳಿ ಕೂಡೋದೇ ನಿಂತುಹೋಗುತ್ತೆ. ಜಾತ್ರೆಯೇ ಅವರಿಗೆ ವರ್ಷಕ್ಕೊಮ್ಮೆ ಸಿಗುವ ನೆಪ. ಇದನ್ನ ನಾನು ಅವನಿಗೆ ಉಪದೇಶದ ಥರ ಹೇಳಲಿಲ್ಲ. “ದನಿ ಮತ್ತು ಪೇಟಿ ತೆಗೆದುಬಿಡು, ತಾಳ ಮಾತ್ರ ಗುರುತಿಗೆ ಇಟ್ಕೋ, ಆ ಎರಡು ಮಾತ್ರ ನಮ್ಮವರ ಕಡೆಯಿಂದ ರೆಕಾರ್ಡ್ ಮಾಡ್ಸು, ‘ಳ’ ಆದ್ರೂ ಸರಿ ಆಗ್ತದ,” ಅಂದೆ.

ಅವನು ಓಣಿಯ ಪೇಟಿ ಕಾಕಾನ ಮನೆಗೆ ಹೋದ. ಕಿವಿಗೆ ಹೆಡ್‌ಫೋನ್ ಹಾಕಿ ತಾಳ ಕೇಳಿಸಿ, “ಕಾಕಾ, ಇದರ ಮ್ಯಾಲ ನೀವೊಬ್ರೇ ಬಾರಸ್ರಿ, ಹಾಡೋರ್ದು ನಾಳಿಗಿ ಬ್ಯಾರೆ ರೆಕಾರ್ಡ್ ಮಾಡ್ತೀನಿ,” ಅಂದನಂತೆ. ಕಾಕಾ ಎರಡು ಸಲ ಬಾರಿಸಿ ಹೆಡ್‌ಫೋನ್ ತೆಗೆದಿಟ್ಟರು. “ತಮ್ಮಾ, ಹಾಡೋರಿಲ್ಲದ ನಾ ಯಾರ ಬೆನ್ನ ಹತ್ತಲಿ? ಪೇಟಿ ಮುಂದ ಹೋಗೂದಲ್ಲಪಾ, ದನಿ ಹಿಂದ ಹೋಗೂದು.”

ಡೆಮ್ಯೂಕ್ಸ್‌ಗೆ ವೋಕಲ್ಸ್ ಫೈಲಿನಿಂದ ಪೇಟಿಯ ನೆರಳು ಪೂರ್ತಿ ತೆಗೆಯಲು ಯಾಕೆ ಆಗಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ವಿವರಣೆ ನನಗೆ ಸಿಕ್ಕಿಲ್ಲ. ಪೇಟಿ ದನಿಯ ಅದೇ ಸ್ವರವನ್ನ ಕೂದಲೆಳೆ ಹಿಂದೆ ಹಿಡಿದು ನಡೆಯುತ್ತೆ. ಯಂತ್ರ ಕಲಿತ ಎಐ ಹಾಡಿನಲ್ಲೂ ಆ ಅಭ್ಯಾಸದ ಗುರುತು ಉಳಿದಿದೆ, ಯಾವನೋ ಕಾಕಾ ಎಲ್ಲೋ ನುಡಿಸಿದ್ದರ ಗುರುತು. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು ‘ಸರಗ’ ಅಂತ ನಮ್ಮ ಶಾಸ್ತ್ರೀಯ ಸಂಗೀತದ ಸಂಗ್ರಹ ಮಾಡಿದ್ದಾರೆ. ಅದರಲ್ಲಿ ಕರ್ನಾಟಕ ಸಂಗೀತ ಕಛೇರಿಗಳ ಬೇರೆಬೇರೆ ಮೈಕಿನ ಟ್ರ್ಯಾಕ್ ಇವೆ. ಅಲ್ಲೂ ಒಬ್ಬರ ಮೈಕಿನಲ್ಲಿ ಇನ್ನೊಬ್ಬರು ಕೇಳಿಸ್ತಾರೆ, ಯಾಕಂದ್ರೆ ಅವರೆಲ್ಲ ಒಂದೇ ವೇದಿಕೆ ಮೇಲೆ ಪಕ್ಕಪಕ್ಕ ಕೂತು ನುಡಿಸಿದವರು. ಎಂಜಿನಿಯರ್‌ಗಳು ಇದನ್ನ ಸೋರಿಕೆ ಅಂತಾರೆ. ಕಾಕಾನ ಲೆಕ್ಕದಲ್ಲಿ ಅದೇ ಸಂಗೀತ.

ಕೊನೆಗೆ ಆದದ್ದಿಷ್ಟು. ಮುಂದಿನ ಭಾನುವಾರ ಸಿಕ್ಕ ಐದು ಜನರನ್ನ ಕೂಡಿಸಿ, ಎರಡು ಫೋನ್ ಇಟ್ಟು ರೆಕಾರ್ಡ್ ಮಾಡಿದ, ಒಂದು ಪೇಟಿ ಹತ್ತಿರ, ಒಂದು ಹಾಡುವವರ ಹತ್ತಿರ. ಎಐ ಹಾಡನ್ನ ಅವರಿಗೆ ಮೊದಲು ಕೇಳಿಸಿದನಂತೆ, ಮಟ್ಟು ಹೀಗಿರಲಿ ಅಂತ. ಎರಡನೇ ಸಾಲಿಗೇ ಮಟ್ಟು ಬದಲಾಯಿಸಿಬಿಟ್ಟರು. ರೀಪರ್‌ನಲ್ಲಿ ಎರಡೇ ಟ್ರ್ಯಾಕ್. ಲಯದ ಗೆರೆಗೆ ಯಾವುದೂ ಕೂರಲ್ಲ, ಹಿಂದೆ ಯಾರದೋ ಮೋಟರ್‌ಸೈಕಲ್ ಸದ್ದು, ಒಂದು ಕಡೆ ಕೆಮ್ಮು. ನನ್ನನ್ನ ಕೇಳಿದ್ರೆ ಮಿಕ್ಸಿಂಗ್ ಚೆನ್ನಾಗಿಲ್ಲ, ಇನ್ನೂ ಒಂದು ಫೋನ್ ತಬಲಾ ಹತ್ತಿರ ಇಡಬೇಕಿತ್ತು. ರೀಲ್‌ನ ಕೆಳಗೆ ಐದೂ ಜನರ ಹೆಸರು ಹಾಕಿದ್ದಾನೆ. ಪೇಟಿ ಅಂತ ಬರೆದು ಮುಂದೆ ಕಾಕಾನ ಹೆಸರು.